ಜಪಾನಿನ ಪಿಕಪಿಕ, ಕೋಲಾರದ ಬುಳುಕ್

ಕೋಲಾರದ ನಮ್ಮ ಬೀದಿಯ ಯುವಕನೊಬ್ಬ ವರ್ಷದಿಂದ ಜಪಾನಿ ಭಾಷೆ ಕಲಿಯುತ್ತಿದ್ದಾನೆ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದ ಬಳಿಕ ನಮ್ಮ ಕಡೆಯ ಹುಡುಗರಿಗೆ ಜಪಾನ್ ಅಷ್ಟೇನೂ ದೂರದ ದೇಶವಾಗಿ ಉಳಿದಿಲ್ಲ. ಲಿಪಿ, ವ್ಯಾಕರಣಗಳನ್ನು ಹೇಗೋ ನಿಭಾಯಿಸಿದ ಅವನು ಒಂದು ಸಂಜೆ ಪುಸ್ತಕ ಹಿಡಿದು ಮನೆಗೆ ಬಂದ. ‘ಅಂಕಲ್, ಈ ಪಾಠ ಮಾತ್ರ ತಲೆಗೆ ಹತ್ತುತ್ತಿಲ್ಲ. ಇಂಗ್ಲಿಷ್ ಅರ್ಥ ಬಾಯಿಪಾಠ ಮಾಡಿದರೂ ಮಾರನೇ ದಿನಕ್ಕೆ ಮರೆತುಹೋಗುತ್ತೆ’ ಎಂದ. ಪುಟದಲ್ಲಿ ಕಿರಕಿರ, ಪಿಕಪಿಕ, ದೊಕಿದೊಕಿ ಎಂಬಂಥ ಪದಗಳ ಸಾಲೇ ಇತ್ತು. ‘ಇಂಗ್ಲಿಷ್ ಯಾಕಪ್ಪಾ, ಕನ್ನಡದಲ್ಲಿ ಓದು’ ಎಂದೆ.

ಜಪಾನೀಯರು ಇವುಗಳಲ್ಲಿ ಸದ್ದನ್ನು ಅನುಕರಿಸುವ ಪದಗಳನ್ನು ‘ಗಿಯೊಂಗೊ’ ಎಂದೂ, ಸದ್ದೇ ಇಲ್ಲದ ಸ್ಥಿತಿಯನ್ನು ಸದ್ದಿನಂತೆ ಹೇಳುವ ಪದಗಳನ್ನು ‘ಗಿತೈಗೊ’ ಎಂದೂ ವಿಂಗಡಿಸುತ್ತಾರೆ. ನಕ್ಷತ್ರ ಮಿನುಗಿದರೆ ಕಿರಕಿರ, ಹೊಸ ಪಾತ್ರೆ ಹೊಳೆದರೆ ಪಿಕಪಿಕ, ಎದೆ ಹೊಡೆದುಕೊಂಡರೆ ದೊಕಿದೊಕಿ. ನಮ್ಮಲ್ಲಿ ಪಾತ್ರೆ ಫಳಫಳ ಎನ್ನುವುದಿಲ್ಲವೇ, ಎದೆ ಢವಢವ ಎನ್ನುವುದಿಲ್ಲವೇ? ಜನರಿಲ್ಲದ ಮನೆ ‘ಬಿಕೋ’ ಎನ್ನುತ್ತದೆಂದು ನಾವು ಹೇಳುವಂತೆ, ನಿಶ್ಶಬ್ದಕ್ಕೂ ಅವರಲ್ಲಿ ‘ಶೀನ್’ ಎಂಬ ಸದ್ದಿದೆ. 2007ರಲ್ಲಿ ಟೋಕಿಯೊದ ಶೋಗಕುಕನ್ ಸಂಸ್ಥೆ ಪ್ರಕಟಿಸಿದ, ಮಸಾಹಿರೊ ಓನೊ ಸಂಪಾದಿಸಿದ ನಿಘಂಟು ಇಂಥ 4,500 ಪದಗಳನ್ನು ಒಳಗೊಂಡಿದೆ.

ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಜಪಾನಿಯಲ್ಲಿ ಇಂಥ ಪದದ ಮುಂದೆ ಬರುವ ‘ತೊ’ ಎಂಬ ಪ್ರತ್ಯಯವೇ ಇನ್ನೊಬ್ಬರ ಮಾತನ್ನು ಉದ್ಧರಿಸುವಾಗಲೂ ಬರುತ್ತದೆ. ನಮ್ಮ ‘ಎಂದು’ ಮಾಡುವ ಕೆಲಸವೂ ಅದೇ: ‘ಬರುತ್ತೇನೆ ಎಂದು ಹೇಳಿದ’, ‘ಫಳಫಳ ಎಂದು ಹೊಳೆಯಿತು’. ಪಾತ್ರೆಯೇ ಬಾಯಿಬಿಟ್ಟು ನುಡಿದಂತೆ! ಭಾರತದ ಭಾಷೆಗಳಿಗೆಲ್ಲ ವ್ಯಾಪಿಸಿದ ಈ ಲಕ್ಷಣವನ್ನು ಕೊಡವ ಭಾಷೆಯನ್ನೂ ಅಭ್ಯಸಿಸಿದ್ದ ಅಮೆರಿಕದ ವಿದ್ವಾಂಸ ಎಮೆನೋ 1969ರ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ನಮ್ಮ ವೈಯಾಕರಣರಂತೂ ಇವಕ್ಕೆ ‘ಅನುಕರಣಾವ್ಯಯ’ ಎಂದು ಹೆಸರಿಟ್ಟು ಎಂದೋ ಗೌರವದ ಸ್ಥಾನ ಕೊಟ್ಟಿದ್ದರು.

ವ್ಯಂಜನ ಬದಲಾದರೆ ಭಾರವೂ ಬದಲಾಗುತ್ತದೆ. ಜಪಾನಿಯಲ್ಲಿ ಗೋಲಿ ಉರುಳಿದರೆ ‘ಕೊರೊಕೊರೊ’, ಬಂಡೆ ಉರುಳಿದರೆ ‘ಗೊರೊಗೊರೊ’. ಬಾಗಿಲು ಮೆಲ್ಲಗೆ ತಟ್ಟಿದರೆ ‘ತೊಂತೊಂ’, ಜೋರಾಗಿ ಬಡಿದರೆ ‘ದೊಂದೊಂ’. ನಮ್ಮಲ್ಲೂ ಬಾಗಿಲನ್ನು ಟಕಟಕ ತಟ್ಟುವವನು ಅತಿಥಿ, ದಬದಬ ಬಡಿಯುವವನು ಸಾಲ ಕೊಟ್ಟವನು. ಇದನ್ನು ಹೇಳಿದ ಮೇಲೆ ಹುಡುಗನಿಗೆ ಪಾಠ ಸಲೀಸಾಯಿತು.

ಆದರೆ ಕನ್ನಡದ ಕಿವಿಯನ್ನು ಪೂರ್ತಿ ನಂಬುವುದೂ ಅಪಾಯವೇ. ‘ಗುರುಗುರು’ ಎಂದರೆ ನಮಗೆ ನಾಯಿ ನೆನಪಾಗುತ್ತದೆ. ಅವರಿಗೆ ಅದು ಗಿರಗಿರನೆ ಸುತ್ತುವುದು. ನಮ್ಮ ‘ಸರಸರ’ದಲ್ಲಿ ಅವಸರವಿದೆ, ಅವರ ‘ಸರಸರ’ದಲ್ಲಿ ನುಣುಪು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಕಿರಿಕಿರಿ’ಯ ವಿಷಯದಲ್ಲಿ. ಜಪಾನೀಯನೊಬ್ಬ ಹೊಟ್ಟೆ ಕಿರಿಕಿರಿ ಎಂದರೆ ಅದು ಅಸಮಾಧಾನವಲ್ಲ, ತಿರುಪು ಹಾಕಿದಂಥ ತೀಕ್ಷ್ಣ ನೋವು. ತಲೆಯೊಳಗೆ ಗಂಟೆ ಬಡಿದಂತಾದರೆ ‘ಗನ್‌ಗನ್’, ನಾಡಿಯೊಡನೆ ಮಿಡಿಯುವ ಹಲ್ಲುನೋವು ‘ಝುಕಿಝುಕಿ’, ಸುಟ್ಟ ಚರ್ಮದ ಉರಿ ‘ಹಿರಿಹಿರಿ’. ರೋಗಿ ಈ ಪದಗಳಲ್ಲೇ ಹೇಳುತ್ತಾನೆ, ವೈದ್ಯ ಅದನ್ನು ಮಾಹಿತಿಯೆಂದೇ ಕೇಳಿಸಿಕೊಳ್ಳುತ್ತಾನೆ.

ಈ ಮಾತು ನನ್ನನ್ನು ಚುಚ್ಚಿದ್ದಕ್ಕೆ ಕಾರಣವಿದೆ. 2003ರ ಬರಗಾಲದಲ್ಲಿ ನಾನು ಕಂದಾಯ ಇಲಾಖೆಯ ಸೇವೆಯಲ್ಲಿದ್ದೆ. ಕುಡಿಯುವ ನೀರಿನ ಸಮೀಕ್ಷೆಗೆಂದು ಒಂದು ಹಳ್ಳಿಗೆ ಹೋದಾಗ ವಯಸ್ಸಾದ ಹೆಂಗಸೊಬ್ಬರು ಕೊಡ ಹಿಡಿದು ನಿಂತಿದ್ದರು. ಕೊಳವೆಬಾವಿ ಹೇಗಿದೆ ಎಂದು ಕೇಳಿದೆ. ‘ಬುಸ್ ಅಂತೈತೆ ಸಾಮಿ, ಆಮ್ಯಾಕೆ ಬುಳುಕ್ ಅಂತೈತೆ, ತಿರ್ಗಾ ಬುಸ್ಸು’ ಎಂದರು. ಜೊತೆಯಲ್ಲಿದ್ದವರು ನಕ್ಕರು. ನಾನೂ ನಕ್ಕಿರಬೇಕು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಇದ್ದದ್ದು ಎರಡೇ ಅಂಕಣ: ‘ಚಾಲ್ತಿಯಲ್ಲಿದೆ’, ‘ಸ್ಥಗಿತಗೊಂಡಿದೆ’. ನೀರು ಬರುತ್ತಿತ್ತಲ್ಲ, ಮೊದಲನೆಯದಕ್ಕೆ ಗುರುತು ಹಾಕಿದೆ.

ಆಕೆ ಹೇಳಿದ್ದು ಅಂತರ್ಜಲ ಪಂಪಿನ ಮಟ್ಟಕ್ಕೇ ಇಳಿದಿದೆ, ಪಂಪು ನೀರಿನೊಡನೆ ಗಾಳಿಯನ್ನೂ ಎಳೆಯುತ್ತಿದೆ ಎಂದು. ಯಾವ ಎಂಜಿನಿಯರ್ ಕೂಡ ಅಷ್ಟು ಅಡಕವಾಗಿ ವರದಿ ಕೊಡಲಾರ. ವಾರ ಕಳೆಯುವಷ್ಟರಲ್ಲಿ ಬುಳುಕ್ ನಿಂತು ಬರಿಯ ಬುಸ್ ಉಳಿಯಿತು. ಟ್ಯಾಂಕರ್ ಕಳುಹಿಸಬೇಕಾದ ಹಳ್ಳಿಗಳ ಪಟ್ಟಿ ಅಷ್ಟರಲ್ಲಿ ಸಿದ್ಧವಾಗಿತ್ತು. ನನ್ನ ಗುರುತಿನ ದೆಸೆಯಿಂದ ಆ ಊರು ಅದರಲ್ಲಿರಲಿಲ್ಲ. ಪಟ್ಟಿ ತಿದ್ದುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಅಲ್ಲಿಯ ಹೆಂಗಸರು ಎರಡು ಮೈಲಿ ಆಚೆಯ ತೋಟದ ಪಂಪಿನಿಂದ ನೀರು ಹೊತ್ತರು.

ಅರ್ಥಶಾಸ್ತ್ರ ಓದಿದ ನನಗೆ ಅಂಕಿಗಳಲ್ಲಿ ಇಂದಿಗೂ ವಿಶ್ವಾಸವಿದೆ. ಆದರೆ ಅಂಕಣಕ್ಕೆ ಸಿಗದ್ದನ್ನೆಲ್ಲ ಹಳ್ಳಿಗರ ಬಾಯಿಚಪಲವೆಂದು ತಳ್ಳಿಹಾಕುವ ತರಬೇತಿ ನಮಗೆ ಶಾಲೆಯಿಂದಲೇ ಆಗಿರುತ್ತದೆ. ಪ್ರಬಂಧದಲ್ಲಿ ‘ಜಿಟಿಜಿಟಿ ಮಳೆ’ ಎಂದು ಬರೆದರೆ ಮೇಷ್ಟ್ರು ಒಪ್ಪಿಯಾರು. ವರದಿಯಲ್ಲಿ ಬರೆದರೆ ಮೇಲಧಿಕಾರಿ ಹುಬ್ಬೇರಿಸುತ್ತಾರೆ. ಅಲ್ಲಿ ಅದು ‘ಸಾಧಾರಣ ಮಳೆ’ ಆಗಬೇಕು. ಹೊಲಕ್ಕೆ ಇಂಗುವ ಜಿಟಿಜಿಟಿಗೂ ಮಣ್ಣು ಕೊಚ್ಚಿಕೊಂಡು ಹೋಗುವ ಧೋಧೋಗೂ ಮಿಲಿಮೀಟರ್ ಒಂದೇ ಇರಬಹುದು, ರೈತನಿಗೆ ಅವು ಒಂದೇ ಅಲ್ಲ.

ನಮ್ಮ ರೇಷ್ಮೆ ಬೆಳೆಗಾರರನ್ನು ಕೇಳಿ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಚರಚರ ಸದ್ದು ಎಲೆಗಳ ಮೇಲೆ ತುಂತುರು ಬಿದ್ದಂತೆ ಇರುತ್ತದೆ. ಅದು ಕುಗ್ಗಿದರೆ ಮನೆಯಾಕೆ ನಡುರಾತ್ರಿಯಲ್ಲೂ ಎದ್ದು ನೋಡುತ್ತಾಳೆ. 1991ರಿಂದ ಜಪಾನಿನ ಜೈಕಾ ಸಂಸ್ಥೆಯ ನೆರವಿನಲ್ಲಿ ದ್ವಿತಳಿ ರೇಷ್ಮೆಯನ್ನು ಕರ್ನಾಟಕದಲ್ಲಿ ಬೆಳೆಸಲು ಅಲ್ಲಿಯ ತಜ್ಞರು ಬಂದರು. ತಳಿಗಳ ವಿಷಯವಂತೂ ಸಾಕಷ್ಟು ವಿನಿಮಯವಾಯಿತು. ಈ ಚರಚರಕ್ಕೆ ಜಪಾನಿನ ರೈತ ಏನೆನ್ನುತ್ತಾನೆ ಎಂದು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಕೊಳವೆಬಾವಿಯ ಕಥೆಯನ್ನು ಹುಡುಗನಿಗೂ ಹೇಳಿದೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ನೋಟ್‌ಬುಕ್ಕಿನಲ್ಲಿ ಆ ಪದವನ್ನು ಜಪಾನಿ ಅಕ್ಷರಗಳಲ್ಲಿ ಬರೆಯಹೊರಟ. ಆ ಲಿಪಿಯಲ್ಲಿ ‘ಳ’ಕಾರವಿಲ್ಲ, ಪದದ ಕೊನೆಗೆ ಬರಿಯ ‘ಕ್’ ಬರುವಂತೆಯೂ ಇಲ್ಲ. ಎರಡು ಸಲ ಹೊಡೆದುಹಾಕಿ, ಕೊನೆಗೆ ‘ಬುರುಕು’ ಎಂದು ಬರೆದುಕೊಂಡ.