ಪೈರಿನ ರೋಗವನ್ನು ಹೊತ್ತು ತರುವವರು ನಾವೇ



ಪೈರಿನ ರೋಗಕ್ಕೆ ಕಾಲಿಲ್ಲ. ಕೆಲವನ್ನು ಗಾಳಿ ತರುತ್ತದೆ, ಕೆಲವನ್ನು ಹುಳು ಹರಡುತ್ತದೆ. ಆದರೆ ಅನೇಕ ರೋಗಗಳನ್ನು ಹೊಲದಿಂದ ಹೊಲಕ್ಕೆ ಮುಟ್ಟಿಸುವವರು ನಾವೇ. ಆಲೂಗೆಡ್ಡೆ, ಟೊಮೆಟೊ ಬೆಳೆಯುವ ನಮ್ಮ ಹೊಸಕೋಟೆ ಸೀಮೆಯವರಿಗೆ ಸೊರಗು ರೋಗವೇ ಇದಕ್ಕೆ ತಕ್ಕ ಉದಾಹರಣೆ.

ಈ ರೋಗ ಬಂದಾಗ ಹಸಿರು ಗಿಡ ಬಿಸಿಲೇರಿದಂತೆ ಬಾಡುತ್ತದೆ. ಕೆಲವೇ ದಿನಗಳಲ್ಲಿ ಒಣಗುತ್ತದೆ. ಕಾರಣ, ಮಣ್ಣಿನಲ್ಲಿರುವ ದುಂಡಾಣು. ಅದು ಬೇರಿನ ಗಾಯದಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಬಾಡಿದ ಗಿಡದ ಕಾಂಡವನ್ನು ಕೊಯ್ದು, ಕೊಯ್ದ ತುದಿಯನ್ನು ತಿಳಿನೀರಿನ ಲೋಟದಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಹೀಗೆ ಹಿಡಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಆದ್ದರಿಂದ ಹರಡದಂತೆ ತಡೆಯುವುದೇ ದಾರಿ.

ಇದು ಹರಡುವ ಬಗೆ ಹೀಗಿದೆ:

1. ರೋಗದ ಗೆಡ್ಡೆಯನ್ನು ಬಿತ್ತನೆಗೆ ಇಡುವುದರಿಂದ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ರೋಗವಿರಬಹುದು.
2. ರೋಗದ ಗೆಡ್ಡೆ ಕೊಯ್ದ ಕತ್ತಿಯಿಂದಲೇ ಒಳ್ಳೆಯ ಗೆಡ್ಡೆ ಕೊಯ್ಯುವುದರಿಂದ.
3. ನೇಗಿಲು, ಗುದ್ದಲಿ, ಬಾಡಿಗೆ ಟ್ರಾಕ್ಟರಿನ ಚಕ್ರ, ನಮ್ಮ ಕಾಲು, ಇವುಗಳಿಗೆ ಅಂಟಿದ ಮಣ್ಣಿನಿಂದ.
4. ಕಿತ್ತ ಗಿಡವನ್ನು ನೀರಿನ ಕಾಲುವೆಗೆ ಎಸೆಯುವುದರಿಂದ. ಮೇಲಿನ ಹೊಲದ ನೀರು ಕೆಳಗಿನವರಿಗೆ ರೋಗ ಒಯ್ಯುತ್ತದೆ.

ಗೆಡ್ಡೆಯೊಡನೆ ರೋಗ ಪ್ರಯಾಣ ಮಾಡುವುದು ಹೊಸ ಸಂಗತಿಯಲ್ಲ. 1953ರಲ್ಲಿ ಡಾರ್ಜಿಲಿಂಗ್‌ನಲ್ಲಿ ಆಲೂಗೆಡ್ಡೆಯ ಮೇಲೆ ಗಂಟು ಬೆಳೆಯುವ ಬೇರೊಂದು ರೋಗ ಕಂಡಿತು. ಅದು ಉಳಿದ ಕಡೆಗೆ ಹೋಗದಿರಲೆಂದು 1959ರಲ್ಲಿ ಸರ್ಕಾರ ಅಲ್ಲಿಂದ ಗೆಡ್ಡೆ ಸಾಗಿಸುವುದನ್ನು ನಿರ್ಬಂಧಿಸಿತು. ಸರ್ಕಾರ ರಾಜ್ಯಕ್ಕೆ ಹಾಕಿದ ಬೇಲಿಯನ್ನು ನಾವು ನಮ್ಮ ಹೊಲಕ್ಕೆ ಹಾಕಿಕೊಳ್ಳಬೇಕು.

ನಾವು ಮಾಡಬೇಕಾದ್ದು ಇಷ್ಟು. ನಂಬಿಕೆಯ ಕಡೆಯಿಂದ ಬಿತ್ತನೆ ತನ್ನಿ. ಕೆಲವನ್ನು ಕೊಯ್ದು ನೋಡಿ; ಒಳಗೆ ಕಂದು ಬಳೆ ಕಂಡು, ಹಿಚುಕಿದರೆ ಬಿಳಿ ರಸ ಒಸರಿದರೆ ಆ ಬಿತ್ತನೆ ಬೇಡ. ಕೋಳಿಮೊಟ್ಟೆ ಗಾತ್ರದ ಗೆಡ್ಡೆಯನ್ನು ಕೊಯ್ಯದೆ ಇಡಿಯಾಗಿ ನೆಡಿ. ಕೊಯ್ಯಲೇಬೇಕಾದರೆ ಕತ್ತಿಯನ್ನು ಆಗಾಗ ಕುದಿಯುವ ನೀರಿನಲ್ಲಿ ಅದ್ದಿ. ಬಾಡಿದ ಗಿಡವನ್ನು ಬುಡದ ಮಣ್ಣು ಸಮೇತ ತೆಗೆದು, ನೀರು ಹರಿಯದ ಕಡೆ ಆಳವಾಗಿ ಹೂಳಿ. ರೋಗದ ಹೊಲದ ಕೆಲಸವನ್ನು ಕೊನೆಗೆ ಮಾಡಿ, ಉಪಕರಣ ತೊಳೆದು ಬಿಸಿಲಿಗಿಡಿ. ಆ ಹೊಲದಲ್ಲಿ ಎರಡು ಮೂರು ವರ್ಷ ಆಲೂಗೆಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಇವೆಲ್ಲಕ್ಕೂ ಇದೇ ರೋಗ. ರಾಗಿ ಅಥವಾ ಮುಸುಕಿನ ಜೋಳ ಹಾಕಿ.

ರೋಗ ಬಂದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಬದುವಿನಾಚೆಯವರಿಗೆ ಅಂದೇ ತಿಳಿಸಿದರೆ ಅವರ ವರ್ಷದ ದುಡಿಮೆ ಉಳಿದೀತು.