ಗಾಲ್ಫ್ ಡ್ರೈವರ್‌ಗೆ ಅರ್ಧ ಲಕ್ಷ ಸುರಿಯೋ ಮುಂಚೆ: ಮಾಡೆಲ್ ಅಲ್ಲ, ಲಾಫ್ಟ್ ಮತ್ತು ಉದ್ದ ನೋಡಿ

ವಿರಾಜಪೇಟೆ: ಕಾಫಿ ಕುಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ಬಿಟ್ಟಂಗಾಲದ ಗಾಲ್ಫ್ ಮೈದಾನದ ಕಡೆ ಹೋಗೋರು ಜಾಸ್ತಿಯಾಗ್ತಾರೆ. ಜೊತೆಗೇ ‘ಯಾವ ಡ್ರೈವರ್ ತಗೊಳ್ಳೋದು’ ಅನ್ನೋ ಪ್ರಶ್ನೆಯೂ ಶುರು. ಜೀಪ್ ಓಡಿಸೋ ಡ್ರೈವರ್ ಅಲ್ಲ, ಮೊದಲ ಹೊಡೆತಕ್ಕೆ ಬಳಸುವ, ಚೀಲದಲ್ಲೇ ಅತಿ ಉದ್ದದ ಕ್ಲಬ್. ಹೊಸ ಮಾಡೆಲ್‌ಗೆ ಅಮೆರಿಕದಲ್ಲೇ 600 ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಅರ್ಧ ಲಕ್ಷ. ಅಷ್ಟು ಕೊಟ್ಟು ತಂದದ್ದು ಮೂರೇ ತಿಂಗಳಲ್ಲಿ ಅಟ್ಟ ಸೇರಿದ್ದನ್ನ ನಾನು ಕಂಡಿದ್ದೇನೆ. ಬೇರೆ ಯಾರದ್ದೋ ಅಲ್ಲ, ನಂದೇ.

ಅಂಗಡಿಯ ಹುಡುಗ ‘ಸರ್, ಟೂರ್ ಆಟಗಾರರು ಇದನ್ನೇ ಬಳಸೋದು’ ಅಂದ. 9 ಡಿಗ್ರಿ ಲಾಫ್ಟ್, ಸ್ಟಿಫ್ ಶಾಫ್ಟ್. ಆಗ ನನ್ನ ಹ್ಯಾಂಡಿಕ್ಯಾಪ್ 24. ಅಂದ್ರೆ ಪಾರ್ 72ರ ಮೈದಾನದಲ್ಲಿ, ಆಟ ಕೂಡಿಬಂದ ದಿನ, ಸುಮಾರು 96 ಹೊಡೆತ. ಸಾಮಾನ್ಯವಾಗಿ 10ರಿಂದ 20ರವರೆಗೆ ಮಧ್ಯಮ ಹ್ಯಾಂಡಿಕ್ಯಾಪ್, ಅದಕ್ಕಿಂತ ಮೇಲಿದ್ರೆ ಹೈ ಅಂತಾರೆ. ನಮ್ಮಂಥೋರ ಚೆಂಡು ಡ್ರೈವರ್ ಮುಖದ ನಡುವಿಗೆ ತಾಗೋದೇ ಅಪರೂಪ. ಆದ್ದರಿಂದ ನಮಗೆ ಬೇಕಿರೋದು ತಪ್ಪು ಹೊಡೆತವನ್ನ ಸ್ವಲ್ಪ ಸಹಿಸಿಕೊಳ್ಳುವ ಡ್ರೈವರ್. ‘ಫರ್ಗಿವಿಂಗ್’ ಅಂತ ಅಂಗಡಿಯವರು ಹೇಳೋದು ಇದಕ್ಕೇ.

ಸಹಿಸಿಕೊಳ್ಳೋದು ಹೇಗೆ? ಒಂದು ಗಳದ ನಡುವೆ ಎರಡು ಕಲ್ಲು ಕಟ್ಟಿ ತಿರುಗಿಸಿ ನೋಡಿ. ಅದೇ ಕಲ್ಲನ್ನ ಎರಡು ತುದಿಗೆ ಕಟ್ಟಿ ತಿರುಗಿಸಿ. ಎರಡನೇದು ಅಷ್ಟು ಸುಲಭಕ್ಕೆ ತಿರುಗಲ್ಲ. ಡ್ರೈವರ್ ತಲೆಯಲ್ಲೂ ತೂಕವನ್ನ ಅಂಚಿಗೆ, ಹಿಂದಕ್ಕೆ ತಳ್ಳಿರ್ತಾರೆ. ಚೆಂಡು ಬದಿಗೆ ತಾಗಿದ್ರೂ ತಲೆ ಕಮ್ಮಿ ತಿರುಚಿಕೊಳ್ಳುತ್ತೆ. ಈ ಗುಣಕ್ಕೆ ಎಂಒಐ ಅನ್ನೋ ಅಳತೆ ಇದೆ. ತಲೆಯ ಗಾತ್ರಕ್ಕೆ 460 ಸಿಸಿ, ಅಡ್ಡಡ್ಡ ತಿರುಚುವ ಎಂಒಐಗೆ 5900 ಅಂತ ನಿಯಮದ ಮಿತಿ. ಮುಖ ಎಷ್ಟು ಪುಟಿಸಬಹುದು ಅನ್ನೋದಕ್ಕೂ ಮಿತಿ ಇದೆ, ದೊಡ್ಡ ಕಂಪನಿಗಳೆಲ್ಲ ಅದರ ಅಂಚಿಗೆ ಹೋಗಿ ವರ್ಷಗಳೇ ಆದವು. ಹಾಗಾಗಿ ‘ಹೋದ ವರ್ಷದ್ದಕ್ಕಿಂತ 15 ಗಜ ಜಾಸ್ತಿ’ ಅನ್ನೋ ಮಾತಿಗೆ ನಕ್ಕು ಮುಂದೆ ಹೋಗಿ.

2024ರಲ್ಲಿ ಬಂದ ಟೇಲರ್‌ಮೇಡ್ ಕ್ಯೂಐ10 ಮ್ಯಾಕ್ಸ್, ಪಿಂಗ್ ಜಿ430 ಮ್ಯಾಕ್ಸ್ 10ಕೆ ಜೊತೆಗೆ ‘10 ಸಾವಿರ ಎಂಒಐ’ ಅನ್ನೋ ಜಾಹೀರಾತೂ ಬಂತು. ಅದು ಅಡ್ಡ ಮತ್ತು ಉದ್ದ, ಎರಡೂ ದಿಕ್ಕಿನ ಅಳತೆ ಕೂಡಿಸಿದ ಲೆಕ್ಕ. ಒಳ್ಳೇ ಕ್ಲಬ್‌ಗಳೇ, ಇಲ್ಲ ಅನ್ನಲ್ಲ. ಆದ್ರೆ 2018ರ ಪಿಂಗ್ ಜಿ400 ಮ್ಯಾಕ್ಸ್ ಕೂಡ ಆ ಸಂಖ್ಯೆಗೆ ತೀರಾ ಹತ್ತಿರವೇ ಇತ್ತು. ಹೆಸರಿನಲ್ಲಿ ‘ಮ್ಯಾಕ್ಸ್’ ಇದ್ರೆ ಬಹುಮಟ್ಟಿಗೆ ನಮ್ಮಂಥೋರಿಗೆ ಮಾಡಿದ್ದು. ‘ಎಲ್‌ಎಸ್’, ‘ಎಲ್‌ಎಸ್‌ಟಿ’, ಕ್ಯಾಲವೇಯ ‘ಟ್ರಿಪಲ್ ಡೈಮಂಡ್’ ಕಂಡ್ರೆ ವಾಪಸ್ ಇಡಿ, ಅವು ಜೋರಾಗಿ, ಪ್ರತಿ ಸಲ ನಡುವಿಗೇ ಹೊಡೆಯೋರಿಗೆ.

ಇನ್ನು ಲಾಫ್ಟ್. ನಮ್ಮೂರಿನ ಮಟ್ಟಿಗೆ ಇದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ನೆಲ ನೆನೆದ ಸ್ಪಂಜಿನ ಹಾಗೆ. ತಗ್ಗಿನಲ್ಲಿ ಹೋದ ಚೆಂಡು ಬಿದ್ದಲ್ಲೇ ಕೂರುತ್ತೆ, ಉರುಳಲ್ಲ. ಗಾಳಿಯಲ್ಲಿ ಎಷ್ಟು ದೂರ ಹೋಯ್ತೋ ಅಷ್ಟೇ ಲಾಭ. ಸಾಧಾರಣ ಆಟಗಾರರ ಸ್ವಿಂಗ್ ವೇಗ ಗಂಟೆಗೆ 90 ಮೈಲಿ ಆಸುಪಾಸು, ಅಮೆರಿಕದ ಟೂರ್‌ನವರದ್ದು 115. ಅವರ 9 ಡಿಗ್ರಿ ನಮ್ಮ ಕೈಯಲ್ಲಿ ಚೆಂಡನ್ನ ಮೇಲೆತ್ತಲ್ಲ. 10.5ಕ್ಕಿಂತ ಕಮ್ಮಿ ಬೇಡ, 12 ಸಿಕ್ಕಿದ್ರೆ ನಾಚಿಕೆ ಬಿಟ್ಟು ತಗೊಳ್ಳಿ. ಲಾಫ್ಟ್ ಹೆಚ್ಚಿದಷ್ಟೂ ಚೆಂಡು ಪಕ್ಕಕ್ಕೆ ಬಾಗೋದೂ ತಗ್ಗುತ್ತೆ.

ಉದ್ದದ ವಿಷಯ ಹಾಕಿ ಆಡಿದೋರಿಗೆ ಬೇಗ ಅರ್ಥವಾಗುತ್ತೆ, ಕೊಡಗಿನಲ್ಲಿ ಅಂಥೋರಿಗೇನು ಬರ. ಹಾಕಿ ಸ್ಟಿಕ್ ಸುಮಾರು 36-37 ಇಂಚು. ಅಂಗಡಿಯ ಡ್ರೈವರ್ 45.5 ಇಂಚು, ಕೆಲವು ಇನ್ನೂ ಉದ್ದ. ಕೈಯಿಂದ ಅಷ್ಟು ದೂರದ ತುದಿಯನ್ನ ಚೆಂಡಿಗೆ ಸರಿಯಾಗಿ ತಾಗಿಸೋದು ಕಷ್ಟ. ವೃತ್ತಿಪರರಲ್ಲೇ ಬಹಳ ಜನ 45 ಇಂಚಿನ ಸುತ್ತಮುತ್ತ ಇಟ್ಟುಕೊಳ್ತಾರೆ, ನಮಗ್ಯಾಕೆ ಅದಕ್ಕಿಂತ ಉದ್ದ? ಗ್ರಿಪ್‌ನಲ್ಲಿ ಒಂದಿಂಚು ಕೆಳಗೆ ಹಿಡಿದು ಹೊಡೆದು ನೋಡಿ. ಇದಕ್ಕೆ ಖರ್ಚಿಲ್ಲ. ಶಾಫ್ಟ್ ಮಟ್ಟಿಗೆ, 90 ಮೈಲಿ ಆಸುಪಾಸಿನೋರಿಗೆ ರೆಗ್ಯುಲರ್ ಸಾಕು, ವಯಸ್ಸಾಗಿ ವೇಗ ಇಳಿದಿದ್ರೆ ಸೀನಿಯರ್ ಫ್ಲೆಕ್ಸ್.

ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ತೋಟ ಸೇರೋದು, ಅಂದ್ರೆ ಸ್ಲೈಸ್, ನಮ್ಮಲ್ಲಿ ಸಾಮಾನ್ಯ ಕಾಯಿಲೆ. ಹಿಮ್ಮಡಿ ಕಡೆ ತೂಕ ಹೆಚ್ಚಿಟ್ಟ ‘ಡ್ರಾ’ ಮಾಡೆಲ್‌ಗಳು ಸ್ವಲ್ಪ ಸಹಾಯ ಮಾಡ್ತವೆ. ಪಿಂಗ್‌ನಲ್ಲಿ ಅದರ ಹೆಸರು ‘ಎಸ್‌ಎಫ್‌ಟಿ’. ಕತ್ತಿನ ಹತ್ತಿರ ತಿರುಗಿಸಿ ಹೊಂದಿಸೋ ಡ್ರೈವರ್ ಆದ್ರೆ ಲಾಫ್ಟ್ ಒಂದು ಡಿಗ್ರಿ ಏರಿಸಿದಾಗ ಮುಖವೂ ಕೊಂಚ ಎಡಕ್ಕೆ ಮುಚ್ಚುತ್ತೆ, ಅದೂ ಲಾಭವೇ. ಆದ್ರೆ ಸ್ವಿಂಗ್ ಹೊರಗಿನಿಂದ ಒಳಕ್ಕೆ ಕೊಯ್ಯೋ ಹಾಗಿದ್ರೆ ಯಾವ ಕಂಪನಿಯ ಯಾವ ಎಂಒಐಯೂ ಕಾಪಾಡಲ್ಲ. ಅದಕ್ಕೆ ಕೋಚ್ ಹತ್ತಿರ ಎರಡು ಕ್ಲಾಸ್ ಸಾಕಾಗಬಹುದು, ಖರ್ಚೂ ಡ್ರೈವರ್‌ಗಿಂತ ಕಮ್ಮಿ.

ಕೊಳ್ಳೋ ಮೊದಲು ಮಾಡಲೇಬೇಕಾದ ಪರೀಕ್ಷೆಗೆ ಸ್ಟೇಷನರಿ ಅಂಗಡಿಯ ವೈಟ್‌ಬೋರ್ಡ್ ಮಾರ್ಕರ್ ಒಂದಿದ್ರೆ ಆಯ್ತು. ಚೆಂಡಿನ ಮೇಲೆ ದಪ್ಪ ಚುಕ್ಕಿ ಇಟ್ಟು, ಆ ಚುಕ್ಕಿ ಡ್ರೈವರ್ ಮುಖಕ್ಕೆ ಎದುರಾಗಿರೋ ಹಾಗೆ ಟೀ ಮೇಲಿಡಿ. ಹೊಡೆದ ಮೇಲೆ ಗುರುತು ಮುಖಕ್ಕೆ ಅಂಟಿರುತ್ತೆ. ಹತ್ತು ಹೊಡೆತ ಹೀಗೆ ನೋಡಿ. ಗುರುತು ಹಿಮ್ಮಡಿ ಕಡೆ ಬಿದ್ದಾಗ ಚೆಂಡು ಬಲಕ್ಕೆ ಬಾಗುತ್ತೆ, ತುದಿ ಕಡೆ ಬಿದ್ದಾಗ ಎಡಕ್ಕೆ. ಯಾವ ಡ್ರೈವರ್‌ನಲ್ಲಿ ಹತ್ತೂ ಗುರುತು ಒಂದೇ ಕಡೆ ಗುಂಪಾಗಿ ಬೀಳುತ್ತೋ ಅದನ್ನ ತಗೊಳ್ಳಿ. ಒಂದೇ ಒಂದು ಹೊಡೆತ ಬಹಳ ದೂರ ಹೋಯ್ತು ಅಂತ ಮರುಳಾಗಬೇಡಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್ ಕೂಡ ಉದ್ದ ಹೊಡೆಯೋರ ಸಾಲಿನಲ್ಲಿ ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಮುಖದ ಅಂಚಿನಲ್ಲಿ, ತಲೆಯ ಮೇಲ್ಭಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ. ಅಲ್ಲಾಡಿಸಿ, ಒಳಗೆ ಗಡಗಡ ಸದ್ದು ಬಂದ್ರೆ ಕಾರಣ ಕೇಳಿ. ಹೊಂದಿಸೋ ಡ್ರೈವರ್ ಆದ್ರೆ ಅದರ ಕೀಲಿಯನ್ನೂ ಕೇಳಿ ಪಡೀರಿ. ಒಂದು ಕಂಪನಿಯ ಶಾಫ್ಟ್ ಇನ್ನೊಂದರ ತಲೆಗೆ ಹಾಗೇ ಕೂರಲ್ಲ ಅನ್ನೋದೂ ನೆನಪಿರಲಿ. ಆನ್‌ಲೈನ್‌ನಲ್ಲಿ ಈ ವರ್ಷದ ಮಾಡೆಲ್ ‘ಸೀಲ್ ಒಡೆದಿಲ್ಲ’ ಅಂತ ಅರ್ಧ ಬೆಲೆಗೆ ಕಂಡ್ರೆ ನಕಲಿ ಅಂತಲೇ ಅನುಮಾನಿಸಿ. ಸೀರಿಯಲ್ ನಂಬರ್ ಕೇಳಿ, ಅಧಿಕೃತ ಡೀಲರ್ ಹತ್ತಿರ ಖಾತ್ರಿ ಮಾಡಿಕೊಳ್ಳಿ.

ನಾನು ಕೊನೆಗೆ ತಗೊಂಡಿದ್ದು ನಾಲ್ಕು ವರ್ಷ ಹಳೇದು, 12 ಡಿಗ್ರಿ, ರೆಗ್ಯುಲರ್ ಶಾಫ್ಟ್. ಹಿಡಿಯೋದು ಒಂದಿಂಚು ಕೆಳಗೆ. ತೋಟಕ್ಕೆ ಹೋಗೋ ಚೆಂಡು ಪೂರ್ತಿ ನಿಂತಿಲ್ಲ, ಆದ್ರೆ ಒಂದು ಸುತ್ತಿಗೆ ಆರೇಳು ಕಳೀತಿದ್ದೋನು ಈಗ ಎರಡು ಕಳೀತೀನಿ. ಆ 9 ಡಿಗ್ರಿಯದ್ದು ಇನ್ನೂ ಅಟ್ಟದಲ್ಲೇ ಇದೆ. ಸ್ವಿಂಗ್ ಜೋರಿರೋ ಹುಡುಗರು ಯಾರಾದ್ರೂ ಇದ್ರೆ ಬಂದು ನೋಡ್ಲಿ, ಮಾರ್ಕರ್ ನಾನೇ ಕೊಡ್ತೀನಿ.