ಇಷ್ಟುದ್ದ ಹಡಗಿನಿಂದ ವಿಮಾನ ಏಳೋದು ಹೇಗೆ? ಇಲ್ಲಿದೆ ಲೆಕ್ಕ

ದೊಡ್ಡಬಳ್ಳಾಪುರ: ಯಲಹಂಕದಲ್ಲಿ ಏರ್ ಶೋ ಬಂತು ಅಂದ್ರೆ ನಮ್ಮ ತಾಲ್ಲೂಕಿನಲ್ಲಿ ಎಲ್ಲರೂ ಮಹಡಿ ಹತ್ತಿ ತೇಜಸ್ ನೋಡ್ತೀವಿ. ಆಗ ಅಂಗಡಿ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತೆ. ದೇವನಹಳ್ಳಿ ಏರ್‌ಪೋರ್ಟ್ ರನ್‌ವೇ 4 ಕಿ.ಮೀ. ಉದ್ದ. ಐಎನ್‌ಎಸ್ ವಿಕ್ರಾಂತ್ ಹಡಗು ಇರೋದೇ 262 ಮೀಟರ್. ಅಲ್ಲಿಂದ ವಿಮಾನ ಹೇಗೆ ಏಳುತ್ತೆ?

ಒಂದು ದಾರಿ ಕ್ಯಾಟಪಲ್ಟ್. ಹುಡುಗರು ಹುಣಸೆಕಾಯಿ ಉದುರಿಸೋ ಕ್ಯಾಟರ್‌ಬಿಲ್ಲಿನ ಲೆಕ್ಕವೇ, ರಬ್ಬರ್ ಬದಲು ಹಬೆ. ಡೆಕ್ ಕೆಳಗೆ ಎರಡು ಉದ್ದನೆ ಸಿಲಿಂಡರ್, ಒಳಗೆ ಪಿಸ್ಟನ್. ಪಿಸ್ಟನ್‌ಗೆ ಸೇರಿದ ಕೊಕ್ಕೆ ಮೇಲೆ ಬಂದು ವಿಮಾನವನ್ನು ಹಿಡಿಯುತ್ತೆ. ಹಿಂದೆ ಇನ್ನೊಂದು ತಡೆ ಇರುತ್ತೆ. ಪೈಲಟ್ ಎಂಜಿನ್ ಫುಲ್ ಕೊಟ್ಟ ಮೇಲೆ ಹಬೆ ಬಿಡ್ತಾರೆ, ತಡೆ ಕಳಚುತ್ತೆ. ಅಮೆರಿಕದ ದೊಡ್ಡ ಹಡಗುಗಳಲ್ಲಿ ಸುಮಾರು 90 ಮೀಟರ್ ಓಟದಲ್ಲಿ, ಎರಡು–ಮೂರು ಸೆಕೆಂಡಿನಲ್ಲಿ ವೇಗ ಗಂಟೆಗೆ 250 ಕಿ.ಮೀ. ಮುಟ್ಟುತ್ತೆ. ಹಡಗೂ ಗಾಳಿಗೆ ಎದುರಾಗಿ ಓಡಬೇಕು, ಮಕ್ಕಳು ಗಾಳಿಪಟ ಎತ್ತೋಕೆ ಓಡೋ ಹಾಗೆ.

1961ರಲ್ಲಿ ಬಂದ ಹಳೇ ವಿಕ್ರಾಂತ್‌ನಲ್ಲಿ ಈ ಹಬೆ ಕ್ಯಾಟಪಲ್ಟ್ ಇತ್ತು. 1971ರ ಯುದ್ಧದ ಹೊತ್ತಿಗೆ ಬಾಯ್ಲರ್ ಬಿರುಕು ಬಿಟ್ಟು ಹಡಗಿನ ವೇಗ ತಗ್ಗಿತ್ತು. ವೇಗ ಇಲ್ಲದಿದ್ರೆ ಎದುರುಗಾಳಿಯೂ ಕಮ್ಮಿ. ಆದ್ರೂ ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು.

ಇನ್ನೊಂದು ದಾರಿ ಸ್ಕೀ ಜಂಪ್. ಇದರಲ್ಲಿ ಯಂತ್ರ ಇಲ್ಲ, ಹಡಗಿನ ಮೂತಿಯೇ ಮೇಲಕ್ಕೆ ಬಾಗಿರುತ್ತೆ. ವಿಮಾನ ಸ್ವಂತ ಎಂಜಿನ್ ಬಲದಲ್ಲಿ ಓಡಿ ಆ ಏರಿನಿಂದ ಚಿಮ್ಮಬೇಕು. ಈಗಿನ ವಿಕ್ರಾಂತ್, ಕಾರವಾರದ ನೆಲೆಯ ವಿಕ್ರಮಾದಿತ್ಯ ಎರಡೂ ಇದೇ ಥರ. ಬೆಂಗಳೂರಿನಲ್ಲಿ ತಯಾರಾದ ನೌಕಾ ತೇಜಸ್ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿದು, ಮರುದಿನ ಅಲ್ಲಿಂದಲೇ ಹಾರಿತು.

ಸ್ಕೀ ಜಂಪ್‌ಗೆ ಹಬೆ ಬೇಡ, ರಿಪೇರಿ ಕಮ್ಮಿ. ಆದ್ರೆ ನಷ್ಟ ಲೋಡ್‌ನಲ್ಲಿ. ಲಾರಿ ಘಾಟಿ ಹತ್ತದಿದ್ರೆ ಮೂಟೆ ಇಳಿಸ್ತೀವಲ್ಲ, ಹಾಗೆ ಇಲ್ಲಿ ಡೀಸೆಲ್ ಅಲ್ಲ, ವಿಮಾನದ ಇಂಧನವನ್ನೋ ಬಾಂಬನ್ನೋ ಇಳಿಸಬೇಕು. ಒಂದೇ ಎಂಜಿನ್‌ನ ತೇಜಸ್‌ಗೆ ತೂಕ ಜಾಸ್ತಿ ಅಂತ 2016ರಲ್ಲೇ ನೌಕಾಪಡೆ ಹೇಳಿತ್ತು. ಅದಕ್ಕೇ ಈಗ ಬೆಂಗಳೂರಿನಲ್ಲಿ ಎರಡು ಎಂಜಿನ್‌ನ ಹೊಸ ನೌಕಾ ವಿಮಾನದ ವಿನ್ಯಾಸ ನಡೀತಿದೆ.

ಅಮೆರಿಕದ ಜೆರಾಲ್ಡ್ ಫೋರ್ಡ್ ಹಡಗಿನಲ್ಲಿ ಹಬೆಯೂ ಹೋಗಿ ವಿದ್ಯುತ್ಕಾಂತದ ಕ್ಯಾಟಪಲ್ಟ್ ಬಂದಾಗಿದೆ. ನಮ್ಮ ಮುಂದಿನ ಹಡಗಿಗೆ ಕ್ಯಾಟಪಲ್ಟೋ ಏರೋ ಅನ್ನೋದರ ಮೇಲೆ, ವಿಮಾನ ಎಷ್ಟು ಹೊತ್ತು ಎಷ್ಟು ದೂರ ಹೋಗುತ್ತೆ ಅನ್ನೋದು ನಿಂತಿದೆ.